ರೂಕಿ ಮಿನಿಕ್ಯಾಂಪ್ ಯಾರಿಗಾಗಿ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಡ್ರಾಫ್ಟ್ ನಡೆಯುತ್ತದೆ. ಐಪಿಎಲ್ ಹರಾಜಿನಂತೆ ಅಲ್ಲಿ ದುಡ್ಡು ಕೂಗುವವರಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಹೀಗೆ 32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. 2025ರಲ್ಲಿ ಆಯ್ಕೆಯಾದವರು 257 ಮಂದಿ. ಅದಾದ ಮೊದಲ ಅಥವಾ ಎರಡನೆಯ ವಾರಾಂತ್ಯದಲ್ಲಿ ಪ್ರತಿ ತಂಡವೂ ಹೊಸಬರಿಗಾಗಿ ಹೆಚ್ಚೆಂದರೆ ಮೂರು ದಿನಗಳ ಶಿಬಿರ ನಡೆಸಬಹುದು. ಇದೇ ರೂಕಿ ಮಿನಿಕ್ಯಾಂಪ್. ಇಲ್ಲಿಗೆ ಬರುವವರಲ್ಲಿ ಮುಖ್ಯವಾಗಿ ಮೂರು ಬಗೆ. ಡ್ರಾಫ್ಟ್‌ನಲ್ಲಿ ಆಯ್ಕೆಯಾದವರು ಮೊದಲನೆಯವರು. ಆಯ್ಕೆಯಾಗದಿದ್ದರೂ ತಂಡ ಕರೆದು ಕರಾರು ಮಾಡಿಕೊಂಡವರು ಎರಡನೆಯವರು. ಎರಡೂ ಇಲ್ಲದೆ, ಬರೀ ಪರೀಕ್ಷೆಗೆಂದು ಬಂದ ಟ್ರೈಔಟ್ ಆಟಗಾರರು ಮೂರನೆಯವರು. ಕ್ಯಾಮೆರಾಗಳೆಲ್ಲ ಮೊದಲ ಸುತ್ತಿನ ಹುಡುಗನ ಹಿಂದೆಯೇ ಓಡುತ್ತವೆ. ಆದರೆ ಅವನಿಗೆ ಈ ಶಿಬಿರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದರಿಂದ ಬದುಕು ಬದಲಾಗಬಹುದಾದದ್ದು ಮೂರನೆಯ ಗುಂಪಿನವನದು. ಶಿಬಿರದ ಏರ್ಪಾಡು ಮಾತ್ರ ಇದಕ್ಕೆ ತದ್ವಿರುದ್ಧವಾಗಿದೆ ಎಂಬುದೇ ನನ್ನ ತಕರಾರು.

ಮೊದಲು ಆಯ್ಕೆಯಾದವರ ವಿಷಯ ನೋಡೋಣ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದ ಪ್ರಕಾರ ಈ ಶಿಬಿರದಲ್ಲಿ ಹೆಲ್ಮೆಟ್ ಉಂಟು, ಭುಜದ ಪ್ಯಾಡ್ ಇಲ್ಲ. ಓಟ ಉಂಟು, ಮೈಮೇಲೆ ಬಿದ್ದು ಕೆಡವುವುದಿಲ್ಲ. ಡಿಕ್ಕಿಯೇ ಜೀವಾಳವಾದ ಆಟದಲ್ಲಿ ಡಿಕ್ಕಿಯನ್ನು ಬಿಟ್ಟು ಏನನ್ನು ಅಳೆಯುವುದು? ಅದೂ ಅಲ್ಲದೆ, ಆಯ್ಕೆಯಾದ ಹುಡುಗನ ಕಾಲೇಜು ಪಂದ್ಯಗಳ ವಿಡಿಯೊಗಳನ್ನು ತಂಡದವರು ಅರೆದು ಕುಡಿದಿರುತ್ತಾರೆ, ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಡ್ರಾಫ್ಟ್ ಪೂರ್ವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅವನ ವೇಗ, ಎತ್ತರ, ಮಂಡಿ, ಬೆನ್ನು ಎಲ್ಲವನ್ನೂ ತಪಾಸಣೆ ಮಾಡಿರುತ್ತಾರೆ. ಮೂರು ದಿನಗಳಲ್ಲಿ ಹೊಸದಾಗಿ ತಿಳಿಯುವುದು ಅತ್ಯಲ್ಪ. ಅಳೆಯುವುದಕ್ಕಲ್ಲ, ಕಲಿಸುವುದಕ್ಕೆ ಶಿಬಿರ ಬೇಕು ಎಂದು ಕೋಚ್‌ಗಳು ಹೇಳುತ್ತಾರೆ: ತಂಡದ ಪ್ಲೇಬುಕ್, ಅದರ ಪರಿಭಾಷೆ, ಎಲ್ಲಿ ನಿಲ್ಲಬೇಕು, ಯಾವ ಸನ್ನೆಗೆ ಏನು ಅರ್ಥ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ 2020ರಲ್ಲಿ ಕೋವಿಡ್‌ನಿಂದಾಗಿ ಈ ಪಾಠವೆಲ್ಲ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯಿತು. ಋತುವಿಗೆ ಮುಂಚಿನ ಅಭ್ಯಾಸ ಪಂದ್ಯಗಳೂ ರದ್ದಾದವು. ಆ ವರ್ಷವೇ ಮಿನೆಸೋಟ ವೈಕಿಂಗ್ಸ್‌ನ ಹೊಸಬ ಜಸ್ಟಿನ್ ಜೆಫರ್ಸನ್ 88 ಪಾಸ್ ಹಿಡಿದು 1,400 ಗಜ ಗಳಿಸಿದರು. ಚಾರ್ಜರ್ಸ್‌ನ ಜಸ್ಟಿನ್ ಹರ್ಬರ್ಟ್ 31 ಟಚ್‌ಡೌನ್ ಪಾಸ್ ಎಸೆದರು. ಇವರು ಅಸಾಮಾನ್ಯರು, ಹೇಗಾದರೂ ಗೆಲ್ಲುತ್ತಿದ್ದರು ಎನ್ನಬಹುದು. ಹೌದು, ನಾನು ಹೇಳುತ್ತಿರುವುದೂ ಅದನ್ನೇ. ಗೆಲ್ಲುವವನಿಗೆ ಈ ಮೂರು ದಿನ ಬೇಕಾಗಲಿಲ್ಲ. ಜಾಗ್ವಾರ್ಸ್‌ನ ಜೇಮ್ಸ್ ರಾಬಿನ್ಸನ್ ಡ್ರಾಫ್ಟ್‌ನಲ್ಲಿ ಯಾರ ಕಣ್ಣಿಗೂ ಬೀಳದವರು, ಎರಡನೆಯ ಗುಂಪಿನವರು. ಅವರೂ ಅದೇ ವರ್ಷ 1,070 ಗಜ ಓಡಿದರು. ಆ ವಸಂತದಲ್ಲಿ ನಿಜವಾಗಿ ನಷ್ಟವಾದದ್ದು ಕೈಯಲ್ಲಿ ಕರಾರಿಲ್ಲದವರಿಗೆ.

ಅವರಿಗೆ ಈ ಶಿಬಿರ ಏನು ಮಾಡಬಲ್ಲದು ಎಂಬುದಕ್ಕೆ ಮಾಲ್ಕಮ್ ಬಟ್ಲರ್ ಅವರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ವೆಸ್ಟ್ ಅಲಬಾಮಾದಂಥ ಸಣ್ಣ ಕಾಲೇಜು ತಂಡದ ಕಾರ್ನರ್‌ಬ್ಯಾಕ್ ಅವರು. 2014ರಲ್ಲಿ ಏಳು ಸುತ್ತುಗಳೂ ಅವರ ಹೆಸರಿಲ್ಲದೆ ಮುಗಿದವು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವರನ್ನು ಮಿನಿಕ್ಯಾಂಪ್‌ನಲ್ಲಿ ಪರೀಕ್ಷೆಗೆ ಕರೆಯಿತು, ನೋಡಿತು, ಕರಾರು ಕೊಟ್ಟಿತು. 2015ರ ಫೆಬ್ರವರಿ 1ರಂದು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ 28–24ರಿಂದ ಮುಂದಿದ್ದಾಗ, ಆಟ ಮುಗಿಯಲು ಅರ್ಧ ನಿಮಿಷವೂ ಇಲ್ಲದಿದ್ದಾಗ, ಎದುರಾಳಿ ಸೀಹಾಕ್ಸ್ ಬಳಿ ಚೆಂಡಿತ್ತು, ಗೆರೆ ದಾಟಲು ಒಂದೇ ಗಜ ಬಾಕಿ. ರಸೆಲ್ ವಿಲ್ಸನ್ ಎಸೆದ ಪಾಸ್ ರಿಕಾರ್ಡೊ ಲಾಕೆಟ್ ಕೈ ಸೇರುವ ಮೊದಲೇ ಬಟ್ಲರ್ ನುಗ್ಗಿ ಹಿಡಿದರು. ವೃತ್ತಿ ಆಟದಲ್ಲಿ ಅದು ಅವರ ಮೊದಲ ಇಂಟರ್‌ಸೆಪ್ಷನ್. ಈ ಕಥೆಯನ್ನು ಪವಾಡದಂತೆ ಹೇಳುವುದು ವಾಡಿಕೆ; ಅದರಲ್ಲಿ ಮುಖ್ಯವಾದ ಒಂದು ವಿವರ ಮರೆಯಾಗುತ್ತದೆ. ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಪೇಟ್ರಿಯಟ್ಸ್ ಎದುರಾಳಿಯ ಇದೇ ತಂತ್ರವನ್ನು ಆಡಿಸಿ ನೋಡಿತ್ತು, ಆಗ ಬಟ್ಲರ್ ತಡವಾಗಿ ಹೊರಟು ಮೋಸಹೋಗಿದ್ದರು. ಆ ಪೆಟ್ಟು ನೆನಪಿದ್ದುದರಿಂದಲೇ ಫೈನಲ್‌ನಲ್ಲಿ ಸೀಹಾಕ್ಸ್ ಆಟಗಾರರು ನಿಂತ ರೀತಿ ಅವರಿಗೆ ಥಟ್ಟನೆ ಗುರುತು ಸಿಕ್ಕಿತು. ಅಂದರೆ ಮೇ ತಿಂಗಳ ಮೂರು ದಿನಗಳು ಅವರನ್ನು ಆಟಗಾರನನ್ನಾಗಿ ಮಾಡಲಿಲ್ಲ. ಒಳಗೆ ಬಿಟ್ಟವು, ಅಷ್ಟೆ. ಮಾಡಿದ್ದು ಆಮೇಲಿನ ಎಂಟು ತಿಂಗಳ ಅಭ್ಯಾಸ. ಶಿಬಿರದ ಬೆಲೆ ಅದು ಕೊಡುವ ತೀರ್ಪಿನಲ್ಲಿಲ್ಲ, ಅದು ತೆರೆಯುವ ಬಾಗಿಲಿನಲ್ಲಿದೆ.

ಆ್ಯಡಮ್ ಥೀಲೆನ್ ಅವರದೂ ಹೀಗೆಯೇ. ಮ್ಯಾಂಕೇಟೊದ ಮಿನೆಸೋಟ ಸ್ಟೇಟ್ ವಿಶ್ವವಿದ್ಯಾಲಯದಿಂದ 2013ರಲ್ಲಿ ವೈಕಿಂಗ್ಸ್ ಮಿನಿಕ್ಯಾಂಪ್‌ಗೆ ಟ್ರೈಔಟ್ ಆಗಿ ಬಂದು ಕರಾರು ಪಡೆದ ಅವರು ಮೊದಲ ವರ್ಷವನ್ನು ಪಂದ್ಯಕ್ಕಿಳಿಯದ ಅಭ್ಯಾಸ ದಳದಲ್ಲೇ ಕಳೆದರು. 2018ರ ಹೊತ್ತಿಗೆ ಋತುವಿನ ಮೊದಲ ಎಂಟೂ ಪಂದ್ಯಗಳಲ್ಲಿ ನೂರು ಗಜ ದಾಟಿದ ರಿಸೀವರ್ ಆಗಿದ್ದರು. ಇಲ್ಲಿ ಒಂದು ಮಾತು ಗಮನಿಸಬೇಕು. ಒಬ್ಬರು ಪಾಸ್ ಹಿಡಿಯುವ ರಿಸೀವರ್, ಇನ್ನೊಬ್ಬರು ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್. ಪ್ಯಾಡ್ ಇಲ್ಲದೆಯೂ ಕಾಲಿನ ಚುರುಕು, ತಿರುಗುವ ಸೊಂಟ, ಚೆಂಡನ್ನು ಹಿಂಬಾಲಿಸುವ ಕಣ್ಣು ಕಾಣುವ ಜಾಗಗಳು ಇವು. ಮುಂಚೂಣಿ ಸಾಲಿನಲ್ಲಿ ಭಾರಕ್ಕೆ ಭಾರ ಕೊಟ್ಟು ತಳ್ಳುವ ಲೈನ್‌ಮ್ಯಾನ್ ಏನು ತೋರಿಸಬಲ್ಲ? ಅವನ ವಿದ್ಯೆಯೆಲ್ಲ ಡಿಕ್ಕಿಯಲ್ಲೇ ಇದೆ, ಅದಕ್ಕೆ ಇಲ್ಲಿ ಅವಕಾಶವೇ ಇಲ್ಲ. ಹಾಗಾಗಿ ಈ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆಯುವುದಿಲ್ಲ. ಅದಕ್ಕೆಂದು ಮೇ ತಿಂಗಳಲ್ಲೇ ಪ್ಯಾಡ್ ಹಾಕಿಸಿ ಗುದ್ದಾಡಿಸಬೇಕೆಂದು ನಾನು ಹೇಳುವುದಿಲ್ಲ. ಆಟಗಾರರ ಸಂಘ ವರ್ಷಗಟ್ಟಲೆ ಹೋರಾಡಿ ಪಡೆದ ರಕ್ಷಣೆ ಅದು. ಆದರೆ ಲೈನ್‌ಮ್ಯಾನ್‌ಗಳನ್ನು ಈ ಶಿಬಿರದ ಬಲದ ಮೇಲೆ ವಾಪಸು ಕಳಿಸುವುದು ಅನ್ಯಾಯ. ಜುಲೈಯಲ್ಲಿ ತರಬೇತಿ ಶಿಬಿರ ಶುರುವಾಗಿ ಪ್ಯಾಡ್ ತೊಟ್ಟ ಮೇಲೆ ಅವರಿಗೆ ಇನ್ನೊಂದು ಪರೀಕ್ಷೆ ಸಲ್ಲಬೇಕು.

ಎರಡು ಹೆಸರು ಹಿಡಿದು ವಾದ ಕಟ್ಟಬಾರದು ಎಂಬ ಆಕ್ಷೇಪ ಬಂದೇ ಬರುತ್ತದೆ. ಟ್ರೈಔಟ್‌ಗೆ ಬಂದ ಬಹುಪಾಲು ಹುಡುಗರು ಭಾನುವಾರ ಸಂಜೆ ಮನೆಗೆ ಹೋಗುತ್ತಾರೆ, ತಂಡಗಳಿಗೆ ಅವರು ಬೇಕಾಗಿರುವುದು ಮುಖ್ಯವಾಗಿ ಅಭ್ಯಾಸಕ್ಕೆ ಆಳು ಸಾಲದ್ದರಿಂದ ಎಂಬುದು ನಿಜ. ಹೊಸ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯಬೇಕೆಂದರೆ ಹಿಡಿಯುವವರು ಬೇಕಲ್ಲ. ಆದರೆ ಇದು ತಂಡಗಳು ಅವರಿಗೆ ತೀರಿಸಬೇಕಾದ ಋಣವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಅವರು ಹೊರುವ ಅಪಾಯವನ್ನೇ ನೋಡಿ. 2015ರ ಮೇ 8ರಂದು ಜಾಗ್ವಾರ್ಸ್ ಶಿಬಿರದ ಮೊದಲ ದಿನವೇ, ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಆಯ್ಕೆಯಾಗಿದ್ದ ಡಾಂಟೆ ಫೌಲರ್ ಅವರ ಎಡ ಮಂಡಿಯ ಲಿಗಮೆಂಟ್ ಹರಿಯಿತು, ಇಡೀ ಋತು ಹೋಯಿತು. ಅವರಿನ್ನೂ ಸಹಿ ಹಾಕಿರಲಿಲ್ಲ. ಆದರೂ ತಂಡ ಮಾತು ಉಳಿಸಿಕೊಂಡು ಸುಮಾರು 2.35 ಕೋಟಿ ಡಾಲರ್ ಕರಾರನ್ನು ಕೊಟ್ಟಿತು. ಅದು ನ್ಯಾಯವೇ. ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ ಟ್ರೈಔಟ್ ಹುಡುಗನೊಬ್ಬನ ಮಂಡಿ ಹೋಗಿದ್ದರೆ ಅವನಿಗಾಗಿ ಕಾದಿರಿಸಿದ ಜಾಗವಿಲ್ಲ, ಕಾಯುವ ಕರಾರಿಲ್ಲ. ಅಪಾಯ ಸಮಾನವಾಗಿದ್ದಾಗ ರಕ್ಷಣೆ ಇಷ್ಟು ಅಸಮಾನವಾಗಿರುವುದನ್ನು ಸಮರ್ಥಿಸುವ ಕಾರಣ ನನಗೆ ಕಾಣುವುದಿಲ್ಲ.

ಹಾಗಾಗಿ ಟ್ರೈಔಟ್ ಆಟಗಾರರಿಗೂ ಸಂಬಳ ಮತ್ತು ಗಾಯದಿಂದ ರಕ್ಷಣೆ ಸಿಗಬೇಕು. ಖರ್ಚಿನ ಮಾತಿಗೂ ಉತ್ತರವಿದೆ. ಅಭ್ಯಾಸ ದಳದ ಹೊಸಬನಿಗೆ 2025ರಲ್ಲಿ ವಾರಕ್ಕೆ ಕನಿಷ್ಠ 13,000 ಡಾಲರ್. ಇಪ್ಪತ್ತು ಟ್ರೈಔಟ್ ಆಟಗಾರರಿಗೆ ಒಂದು ವಾರದ ಅದೇ ಸಂಬಳ ಕೊಟ್ಟರೂ 2.6 ಲಕ್ಷ ಡಾಲರ್; ಆ ವರ್ಷ ಒಂದೊಂದು ತಂಡದ ಸಂಬಳದ ಮಿತಿ 27.92 ಕೋಟಿ ಡಾಲರ್. ದುಡ್ಡು ಕೊಡಬೇಕಾದರೆ ತಂಡಗಳು ಕರೆಯುವುದನ್ನೇ ನಿಲ್ಲಿಸುತ್ತವೆ ಎಂಬುದು ಇದ್ದುದರಲ್ಲಿ ಗಟ್ಟಿಯಾದ ಆಕ್ಷೇಪ, ಇದನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಈ ಹಣ ತಂಡದ ಕಿಸೆಯಿಂದ ಬರದೆ ಲೀಗ್‌ನ ಸಾಮಾನ್ಯ ನಿಧಿಯಿಂದ ಬರಬೇಕು, ಗಾಯವಾದರೆ ಚಿಕಿತ್ಸೆಯ ಹೊಣೆಯೂ ಅದರದೇ ಆಗಬೇಕು. ಆಗ ಒಬ್ಬನನ್ನು ಹೆಚ್ಚು ಕರೆದರೆ ತಂಡಕ್ಕೆ ನಷ್ಟವಿಲ್ಲ, ಕರೆಯದಿದ್ದರೆ ಲಾಭವೂ ಇಲ್ಲ. ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ. ಮುಂದಿನ ಮಾತುಕತೆಯಲ್ಲಿ ಆಟಗಾರರ ಸಂಘ ಇನ್ನೂ ತನ್ನ ಸದಸ್ಯರೇ ಆಗದ ಈ ಹುಡುಗರ ಪರವಾಗಿ ಈ ಬೇಡಿಕೆಯನ್ನು ಮೇಜಿನ ಮೇಲಿಡಬೇಕು.