ಮೂರೆಲೆ ನೋಡುವ ಬಗೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಇಸ್ಪೀಟು ಅಂದರೆ ಮೊದಲು ನೆನಪಾಗುವುದು ಪತ್ರಿಕೆಯ ಮೂಲೆಯ ಸುದ್ದಿ: ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 87. ಕಾಯ್ದೆಯ ಮಾತು ಬದಿಗಿರಲಿ, ಆ ಆಟದಲ್ಲಿ ರಸಿಕನಿಗೆ ಸವಿಯಲು ಏನೂ ಇಲ್ಲ. ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಕಾಯುವುದಷ್ಟೇ. ಮೊದಲ ಎಲೆ ಬೀಳುವ ಬದಿ ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತದೆ. ಆಡುವವನ ಬುದ್ಧಿಗೆ ಅಲ್ಲಿ ಬೇರೆ ಕೆಲಸವಿಲ್ಲ.

ಮೂರೆಲೆ, ಅಂದರೆ ತೀನ್ ಪತ್ತಿ, ಹಾಗಲ್ಲ. ದೀಪಾವಳಿ ಪಾಡ್ಯಕ್ಕೆ ಪಡಸಾಲೆಯಲ್ಲಿ ಕಡಲೆಕಾಳನ್ನೇ ಪಣಕ್ಕಿಟ್ಟು ಕೂತರೂ ಸಾಕು. ಈ ಎರೆಭೂಮಿಯಲ್ಲಿ ಕಡಲೆಗೇನು ಬರವೇ? (ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಾಳೇ ವಾಸಿ.) ಆಟ ನೋಡಲು ಕೂತ ಹೊಸಬರು ಕತ್ತು ಚಾಚಿ ಎಲೆಗಳತ್ತ ಇಣುಕುತ್ತಾರೆ. ಮೂರೆಲೆ ಕೂಡಿಬರಬಹುದಾದ 22,100 ಬಗೆಗಳಲ್ಲಿ 16,440ರಲ್ಲಿ ಜೋಡಿಯೂ ಇಲ್ಲ, ಸರಣಿಯೂ ಇಲ್ಲ, ಒಂದೇ ಬಣ್ಣವೂ (ಒಂದೇ ಗುರುತಿನ ಎಲೆಗಳು) ಇಲ್ಲ. ಇಣುಕಿದರೆ ಹೆಚ್ಚಾಗಿ ಕಾಣುವುದು ಖಾಲಿ ಕೈ. ಕಣ್ಣಿಡಬೇಕಾದದ್ದು ನಡುವಿನ ರಾಶಿಯ ಮೇಲೆ.

ಮಾವ, ಅಳಿಯ ಇಬ್ಬರೇ ಉಳಿದಿದ್ದಾರೆನ್ನಿ. ಇಬ್ಬರೂ ಎಲೆ ನೋಡಿಯಾಗಿದೆ. ಮಾವ 20 ಕಾಳು ಹಾಕಿ ರಾಶಿಯನ್ನು 60ಕ್ಕೆ ತಂದು, “ಏನಪಾ, ಶೋ ಕೇಳ್ತಿಯೋ, ಎಲಿ ಇಡ್ತಿಯೋ?” ಅನ್ನುತ್ತಾನೆ. ಅಳಿಯನ ಕೈಯಲ್ಲಿ ಏಳರ ಜೋಡಿ. “ತಡ್ರಿ ಮಾವಾರ,” ಎಂದವನ ಕಣ್ಣು ಎಲೆಯಿಂದ ರಾಶಿಗೆ ಹೋಯಿತೋ ಇಲ್ಲವೋ ಗಮನಿಸಿ. ಶೋಗೆ, ಅಂದರೆ ಇಬ್ಬರ ಎಲೆಯನ್ನೂ ತೆರೆದು ನೋಡಲು, 20 ಕೊಡಬೇಕು, ಗೆದ್ದರೆ 60 ಬರುತ್ತದೆ. ಇಂಥ ನಾಲ್ಕು ಆಟದಲ್ಲಿ ಮೂರು ಸೋತರೆ 60 ಹೋಯಿತು, ಒಂದು ಗೆದ್ದರೆ 60 ಬಂತು; ಲೆಕ್ಕ ಸರಿಸಮ. ಹಾಗಾಗಿ ಅವನ ಪ್ರಶ್ನೆ “ನನ್ನ ಕೈ ದೊಡ್ಡದೋ?” ಎಂಬುದಲ್ಲ, “ನಾಲ್ಕರಲ್ಲಿ ಒಂದು ಸಲವಾದರೂ ಗೆದ್ದೇನೇ?” ಎಂಬುದು. ರಾಶಿ 140 ಇದ್ದರೆ ಎಂಟರಲ್ಲಿ ಒಂದು ಸಾಕು. ಅದೇ ಎಲೆ, ಅದೇ 20, ತೀರ್ಮಾನ ಮಾತ್ರ ಬೇರೆ. “ಇಷ್ಟು ಹಾಕೀನಿ, ಈಗ ಹೆಂಗ ಬಿಡ್ಲಿ?” ಅನ್ನುವವನು ಸಿಕ್ಕರೆ ಅವನ ಪಕ್ಕ ಕೂತು ನೋಡಿ. ಹಾಕಿದ್ದು ಆಗಲೇ ರಾಶಿಯದಾಗಿದೆ, ಅವನಿಗಿನ್ನೂ ಅದು ತನ್ನದೇ.

ಎಲೆ ಮುಟ್ಟದೆ ಬ್ಲೈಂಡ್ ಆಡುವವರು ಬರೀ ಧೈರ್ಯ ತೋರಿಸುತ್ತಿಲ್ಲ. ನೋಡಿದವರು ಕೊಡುವುದರ ಅರ್ಧಕ್ಕೇ ಅವರು ಆಟದಲ್ಲಿ ಉಳಿಯುತ್ತಾರೆ.

ಮೂರೆಲೆಯಲ್ಲಿ ಚಾಲ್, ಅಂದರೆ ಸರದಿ ಬಂದಾಗ ಹಾಕುವ ಪಣ, ಹಿಂದಿನದರಷ್ಟೇ ಇರಬೇಕು, ಹೆಚ್ಚೆಂದರೆ ಇಮ್ಮಡಿ. ಮಿತಿಯಿಲ್ಲದ ಪೋಕರಿನಲ್ಲಿ ಈ ಕಟ್ಟು ಇಲ್ಲದ್ದರಿಂದ ಬೆಲೆ ಕಟ್ಟುವುದೇ ಒಂದು ಕಲೆಯಾಗಿದೆ. ರಾಶಿಯಲ್ಲಿ 100 ಇದ್ದಾಗ 50 ಹಾಕಿದರೆ ಎದುರಾಳಿ ನಾಲ್ಕರಲ್ಲಿ ಒಮ್ಮೆ ಗೆಲ್ಲಬೇಕು; 100 ಹಾಕಿದರೆ ಮೂರರಲ್ಲಿ ಒಮ್ಮೆ; 200 ಹಾಕಿದರೆ ಐದರಲ್ಲಿ ಎರಡು ಸಲ. ಒಂದೇ ಬಣ್ಣದ ನಾಲ್ಕು ಎಲೆ ಕೂಡಿಬಂದು, ಕೊನೆಯ ಎಲೆಗಾಗಿ ಕಾಯುವವನಿಗೆ, ಕೈಯಲ್ಲಿರುವ ಮತ್ತು ನಡುವೆ ತೆರೆದ ಎಲೆ ಬಿಟ್ಟು, ಕಾಣದ 46 ಎಲೆಗಳಲ್ಲಿ ಬೇಕಾದವು 9, ಅಂದರೆ ಐದರಲ್ಲಿ ಒಂದಕ್ಕೂ ಕಡಿಮೆ. ಅವನನ್ನು ನಷ್ಟಕ್ಕೆ ನೂಕಲು ಅರ್ಧ ರಾಶಿಯೇ ಸಾಕು. ಅಂಥಲ್ಲಿ ಇದ್ದದ್ದೆಲ್ಲ ನೂಕಿ ಅವನನ್ನು ಓಡಿಸುವವನಿಗಿಂತ, ಅವನು ಆಸೆಯಿಂದ ಉಳಿಯುವಷ್ಟೇ ಬೆಲೆ ಇಡುವವನ ಕೈ ನನಗೆ ಹೆಚ್ಚು ಇಷ್ಟ.