ಮೊದಲು ಮೂತಿ, ಆಮೇಲೆ ಮೈಬಣ್ಣ: ದೇವಣಿ ರಸಿಕರಿಗೊಂದು ಕೈಪಿಡಿ

ಪೋಳಾ ಹಬ್ಬದ ದಿನ ಉದಗೀರದ ಕಡೆಯ ಯಾವ ಹಳ್ಳಿಗಾದರೂ ಹೋಗಿ, ಅಗಸಿಯಲ್ಲಿ ಎತ್ತಿಗಿಂತ ಮೊಬೈಲೇ ಹೆಚ್ಚು ಕಾಣುತ್ತವೆ. ಕೊಂಬಿಗೆ ಕೇಸರಿ ಬಣ್ಣ, ಮೈತುಂಬ ಗುಲಾಲಿನ ಕೈಗುರುತು, ಬೆನ್ನ ಮೇಲೆ ಕನ್ನಡಿ ಹಚ್ಚಿದ ಝೂಲ. ಒಳಗಿರುವುದು ದೇವಣಿಯೋ ಖಿಲಾರಿಯೋ ಯಾರಿಗೆ ಬೇಕಾಗಿದೆ? "ಎಷ್ಟ್ ಬೆಳ್ಳಗದ!" ಅನ್ನುತ್ತಾರೆ, ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಮೈಮೇಲೆ ಕರಿ ಮಚ್ಚೆ ಇದ್ದರಂತೂ "ಇದು ಎಚ್‌ಎಫ್ ಕ್ರಾಸೇನ್ರೀ?" ಎಂಬ ಪ್ರಶ್ನೆ. ತಳಿಗೆ ಹೆಸರು ಕೊಟ್ಟ ದೇವಣಿ ಊರಿನ ನೆರೆಯಲ್ಲೇ ನಿಂತು ಕೇಳುವ ಮಾತೇ ಇದು?

ಅಂಥವರನ್ನು ಬಿಡಿ. ನಿಮಗೆ ನಿಜಕ್ಕೂ ನೋಡುವ ಆಸೆ ಇದ್ದರೆ ಮುಂದೆ ಓದಿ. ಹಿಣಿಲು ಎಲ್ಲಿರುತ್ತದೆ, ಗಂಗೆದೊಗಲು ಅಂದರೆ ಏನು ಎಂಬುದನ್ನೆಲ್ಲ ನಾನು ಹೇಳುವುದಿಲ್ಲ. ಅದನ್ನು ಮನೆಯ ಹಿರಿಯರಿಂದ ಕೇಳಿಕೊಂಡು ಬನ್ನಿ.

ದೇವಣಿಯಲ್ಲಿ ಬಣ್ಣದ ಬಗೆ ಮೂರು. ಬಾಲಂಕ್ಯಾ ಮೈಯೆಲ್ಲ ಬಿಳಿ. ಕಪ್ಪು ಇದ್ದರೆ ಹೊಟ್ಟೆಯ ಕೆಳಗೆ ಚುಕ್ಕೆಯಾಗಿ. ವಾನೇರಾ ಮುಸುವನ ಹಾಗೆ: ಮೈ ಬಿಳಿ, ಮುಖದ ಪಕ್ಕಗಳು ಕಪ್ಪು. ಶೇವರಾ ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕರಿ ಮಚ್ಚೆಗಳದ್ದು. ಇದನ್ನೇ ಕೆಲವರು ವಾಘ್ಯಾ ಅನ್ನುತ್ತಾರೆ. ಮೂರೂ ಒಂದೇ ತಳಿ, ಜಾತಿ ಬೇರೆಯಲ್ಲ. ಒಂದೇ ಆಕಳು ಈ ವರ್ಷ ಬಿಳಿ ಕರು, ಮುಂದಿನ ಸಲ ಮಚ್ಚೆಯ ಕರು ಹಾಕಿದ್ದನ್ನು ನಮ್ಮ ಕೊಟ್ಟಿಗೆಯಲ್ಲೇ ನೋಡಿದ್ದೇನೆ. ಗೀರ್, ಡಾಂಗಿ ಮತ್ತು ಇಲ್ಲಿನ ನಾಟಿ ದನಗಳ ರಕ್ತ ಕೂಡಿ ಈ ತಳಿ ಆಯಿತೆಂದು ತಿಳಿದವರು ಹೇಳುತ್ತಾರೆ. ಜೋಲು ಕಿವಿ, ಉಬ್ಬಿದ ಹಣೆ ಗೀರ್‌ನ ಕಡೆಯಿಂದ ಬಂದದ್ದು. ಆದರೆ ಗೀರ್‌ನ ಕಿವಿ ತುದಿಯಲ್ಲಿ ಇರುವ ಕಚ್ಚು ದೇವಣಿಗೆ ಇಲ್ಲ. ಕಿವಿಯ ಮಾತು ಇಷ್ಟೇ ಸಾಕು.

ಈಗ ಮುಖ್ಯ ವಿಷಯ. ದೇವಣಿಯ ಬಣ್ಣ ನೋಡುವುದೆಂದರೆ ಕೂದಲು ನೋಡುವುದು ಎಂದು ತಿಳಿದವರೇ ನೂರಕ್ಕೆ ತೊಂಬತ್ತು ಮಂದಿ. ಬಣ್ಣ ಇರುವುದು ತೊಗಲಿನಲ್ಲಿ.

ಇದು ನನಗೆ ತಿಳಿದದ್ದು ಹುಡುಗನಾಗಿದ್ದಾಗ, ಹಾಳಿ ಹಂಡರಗುಳಿಯ ದನದ ಸಂತೆಯಲ್ಲಿ, ಸೋದರಮಾವನ ಜೊತೆ. ಅಚ್ಚ ಬಿಳಿಯ ಜೋಡಿಯೊಂದರ ಸುತ್ತ ಜನ ಮುತ್ತಿದ್ದರು. ದಲಾಲ ರುಮಾಲಿನ ಕೆಳಗೆ ಒಬ್ಬೊಬ್ಬರ ಬೆರಳು ಹಿಡಿದು ಬೆಲೆ ಏರಿಸುತ್ತಿದ್ದ. ಮಾವ ಅತ್ತ ತಿರುಗಿಯೂ ನೋಡದೆ, ಬೇವಿನ ಗಿಡದ ಕೆಳಗೆ ಸುಮ್ಮನೆ ಮೆಲುಕು ಹಾಕುತ್ತಿದ್ದ ವಾನೇರಾ ಹೋರಿಯ ಬಳಿ ಹೋದ. ನಾನು ಅದರ ಮುಖವನ್ನೇ ನೋಡುತ್ತ ನಿಂತೆ. "ಯಾನ್ ನೋಡ್ಲತ್ತಿ ತಮ್ಮಾ? ಕೂದ್ಲ ಖರೀದಿ ಮಾಡ್ತಿಯೋ, ಹೋರಿ ಖರೀದಿ ಮಾಡ್ತಿಯೋ?" ಎಂದು ಕೇಳಿ, ಅದರ ಪಕ್ಕೆಯ ಬಿಳಿ ಕೂದಲನ್ನು ಎರಡು ಹೆಬ್ಬೆರಳಿಂದ ಬಿಡಿಸಿ ತೋರಿಸಿದ. ಅಡಿಯಲ್ಲಿ ತೊಗಲು ಕರಿ. ಅಂದಿನಿಂದ ನಾನು ದನವನ್ನು ದೂರದಿಂದ ನೋಡಿ ಹೊಗಳಿದ್ದಿಲ್ಲ.

ಇದರ ಹಿಂದಿನ ಲೆಕ್ಕ ತಿಳಿದುಕೊಳ್ಳಿ. ಕಪ್ಪು ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಕರು ಗರ್ಭದಲ್ಲಿರುವಾಗ ಬೆನ್ನಹುರಿಯ ಪಕ್ಕದಿಂದ ಹೊರಟು ಮೈತುಂಬ ಹರಡುತ್ತವೆ. ಅವು ತಲುಪದ ಜಾಗದಲ್ಲಿ ಕೂದಲೂ ಬಿಳಿ, ತೊಗಲೂ ಕೆಂಪು. ತಲುಪಿ ತೊಗಲಿಗೆ ಬಣ್ಣ ತುಂಬಿ, ಕೂದಲಿಗೆ ಮಾತ್ರ ಕೊಡದೆ ಬಿಟ್ಟರೆ ಬಿಳಿ ಕೂದಲು, ಕರಿ ತೊಗಲು. ಹೊರಗಿನಿಂದ ಎರಡೂ ಬಿಳಿಯೇ. ಬಿಸಿಲಿಗೆ ಮಾತ್ರ ಎರಡೂ ಒಂದಲ್ಲ. ನಿಲಂಗಾ, ಉಮರ್ಗಾ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಅದನ್ನೂ ದಾಟಿ ಬಂದ ಅತಿನೇರಳೆ ಕಿರಣವನ್ನು ಕರಿ ತೊಗಲು ತಡೆಯುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಶೇವರಾದ ಕರಿ ಮಚ್ಚೆಯ ಮೇಲೊಮ್ಮೆ, ಬಿಳಿ ಭಾಗದ ಮೇಲೊಮ್ಮೆ ಅಂಗೈ ಇಟ್ಟು ನೋಡಿ. ಯಾವ ಪುಸ್ತಕವೂ ಬೇಡ.

ತೊಗಲನ್ನು ಎಲ್ಲೆಲ್ಲೂ ಬಿಡಿಸಿ ನೋಡಲು ಒಡೆಯ ಬಿಡುವುದಿಲ್ಲ. ಅದಕ್ಕೇ ಮೂತಿ, ಕಣ್ಣರೆಪ್ಪೆ, ಗೊರಸು. ಈ ಮೂರೂ ಕರಿಯಾಗಿರಬೇಕು. ಮೂತಿಯಲ್ಲಿ ಕೂದಲಿಲ್ಲ, ಆದ್ದರಿಂದ ಸುಳ್ಳು ಹೇಳಲಾರದು. ರೆಪ್ಪೆಯ ಅಂಚು ಅದಕ್ಕಿಂತ ಮುಖ್ಯ. ಹೊರದೇಶದ ಹೆರ್‌ಫರ್ಡ್ ದನಗಳಲ್ಲಿ ಬಣ್ಣವಿಲ್ಲದ ಕೆಂಪು ರೆಪ್ಪೆಯವಕ್ಕೆ ಕಣ್ಣಿನ ಕ್ಯಾನ್ಸರ್ ಹೆಚ್ಚೆಂಬುದು ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮಲ್ಲೂ ಲಂಟಾನ ಮೆಯ್ದ ದನವನ್ನು ನೋಡಿ. ಅದರ ವಿಷಕ್ಕೆ ಯಕೃತ್ತು ಕೆಟ್ಟು, ಹಸಿರು ಮೇವಿನಿಂದ ಬರುವ ಒಂದು ವಸ್ತು ರಕ್ತದಲ್ಲೇ ಉಳಿದು, ಬಿಸಿಲು ಬಿದ್ದ ಕಡೆ ತೊಗಲು ಸುಡುತ್ತದೆ. ಸುಲಿದು ಹೋಗುವುದು ಬಣ್ಣವಿಲ್ಲದ ಕೆಂಪು ತೊಗಲೇ. ಕರಿ ತೊಗಲು ಬಹುಮಟ್ಟಿಗೆ ಉಳಿಯುತ್ತದೆ. ಹಿರಿಯರು ಕರಿ ಮೂತಿ ಕೇಳಿದ್ದು ಬರೀ ಚೆಂದಕ್ಕಲ್ಲ.

ಇಷ್ಟು ತಿಳಿದರೆ ಎಚ್‌ಎಫ್ ಗೊಂದಲ ತಾನೇ ಬಗೆಹರಿಯುತ್ತದೆ. ಎಚ್‌ಎಫ್‌ನ ಬಿಳಿ ಭಾಗದ ಕೂದಲು ಬಿಡಿಸಿದರೆ ಕೆಂಪು ತೊಗಲು ಕಾಣುತ್ತದೆ. ಹಿಣಿಲು, ಜೋಲು ಕಿವಿ ಅದಕ್ಕೆಲ್ಲಿ?

ಇನ್ನು ಕರಿಯಲ್ಲೂ ಒಂದು ಪರೀಕ್ಷೆ ಇದೆ. ಮಚ್ಚೆ ತುಕ್ಕು ಹಿಡಿದ ಕಂದಾಗಿ, ಕಣ್ಣ ಸುತ್ತ ಕನ್ನಡಕದ ಹಾಗೆ ಬಣ್ಣ ಮಾಸಿದ್ದರೆ ಅದೇನು ಹೊಸ ಬಗೆಯಲ್ಲ. ಮೆಲನಿನ್ ತಯಾರಿಸುವ ಕಿಣ್ವಕ್ಕೆ ತಾಮ್ರ ಬೇಕು. ಮೇವಿನಲ್ಲಿ ಅದು ಕಡಿಮೆಯಾದರೆ ಕರಿ ಕೂದಲು ಮಾಸುತ್ತದೆ. ಡಾಕ್ಟರನ್ನು ಕೇಳಿ ಖನಿಜ ಮಿಶ್ರಣ ಹಾಕಿಸಿ, ಮುಂದಿನ ವರ್ಷ ಬಂದು ನೋಡಿ. ಮೂತಿಗೆ ಎಣ್ಣೆ, ಕೊಂಬಿಗೆ ಪಾಲಿಶ್ ಹಚ್ಚಿ ತರುವವರೂ ಇದ್ದಾರೆ. ಜೇಬಿನಲ್ಲಿ ಒದ್ದೆ ಬಟ್ಟೆ ಇರಲಿ.

ಮಚ್ಚೆಯ ಜಾಗ ನೋಡಿ ಶಕುನ ಹೇಳುವವರ ಮಾತು ಕೇಳಬೇಡಿ. ಕ್ಲೋನ್ ಮಾಡಿದ ದನಗಳಲ್ಲೂ ಮಚ್ಚೆ ಒಂದೇ ತೆರನಾಗಿ ಬೀಳುವುದಿಲ್ಲ. ಸುಳಿಶಾಸ್ತ್ರಕ್ಕೆ ಒಂದು ನಮಸ್ಕಾರ.

ಜನರ ರುಚಿ ಬಿಳಿಯ ಕಡೆಗೇ ಓಡುತ್ತಿದೆ. ಬಂಡಿ ಓಟಕ್ಕೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲಂತೂ ಹುಡುಗರಿಗೆ ಬಿಳಿ ಖಿಲಾರಿಯೊಂದೇ ಎತ್ತು. ಒಂದು ಪ್ರದರ್ಶನದಲ್ಲಿ ಕೆಂಪು ಮಚ್ಚೆಯ ಮೂತಿಯ ಬಿಳಿ ಹೋರಿಗೆ ಮೊದಲ ಬಹುಮಾನ ಕಟ್ಟಿದರು. ಅದರ ಪಕ್ಕದಲ್ಲೇ ಕಾಡಿಗೆ ಹಚ್ಚಿದಂಥ ರೆಪ್ಪೆಯ ಶೇವರಾ ಹೋರಿಯೊಂದು ನಿಂತಿತ್ತು. ಗಂಗೆದೊಗಲಿನ ಮಡಿಕೆ ಮಡಿಕೆಗೂ ಬಣ್ಣ ಇಳಿದಿತ್ತು. ಅದಕ್ಕೊಂದು ರಿಬ್ಬನ್ನೂ ಸಿಗಲಿಲ್ಲ. ಭಾಲ್ಕಿ ಕಡೆ ನೋಡಿದ ಒಂದು ವಾನೇರಾ ಆಕಳಂತೂ ಇನ್ನೂ ಕಣ್ಣಲ್ಲಿದೆ. ಎರಡೂ ಕೆನ್ನೆಯ ಕಪ್ಪು ಸಮನಾಗಿತ್ತು, ಅಂಥದ್ದು ಅಪರೂಪ.

ಭಾಲ್ಕಿ ಅಂದೆ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಎರಡಾದರೂ ದನ ಒಂದೇ. ಗಡಿಯ ಈಚೆ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಪಶು ವಿಶ್ವವಿದ್ಯಾಲಯದ ದೇವಣಿ ಕೇಂದ್ರವಿದೆ, ಆಚೆ ಉದಗೀರದಲ್ಲಿ ಪಶುವೈದ್ಯ ಕಾಲೇಜಿದೆ. ಸಂತೆಯ ಗದ್ದಲ ಬೇಡವೆನ್ನುವವರು ಕಟ್ಟಿತೂಗಾಂವಕ್ಕೆ ಹೋಗಿ ಕಣ್ಣು ಪಳಗಿಸಿಕೊಳ್ಳಿ. ಹಾಲು, ಗೆಯ್ಮೆ, ಕರಿಮಣ್ಣಿನ ಕೆಸರಿನಲ್ಲಿ ಎಳೆಯುವ ತಾಕತ್ತು, ಎಲ್ಲವೂ ಮುಖ್ಯವೇ. ಅದನ್ನು ಬರೆಯುವವರು ಬೇರೆ ಇದ್ದಾರೆ.

ಪೋಳಾ ಇರಲಿ, ಕಾರಹುಣ್ಣಿಮೆ ಇರಲಿ, ಬಣ್ಣ ಬಳಿಯುವ ಮೊದಲೇ, ಮೈ ತೊಳೆಯುವ ಹೊತ್ತಿಗೆ ಹೊಂಡದ ಬಳಿ ಹೋಗಿ. ಒದ್ದೆ ಮೈಯಲ್ಲಿ ಕೂದಲು ಅಂಟಿ ತೊಗಲಿನ ಕಪ್ಪು ತಾನೇ ಎದ್ದು ಕಾಣುತ್ತದೆ. ಒಡೆಯನ ಅಪ್ಪಣೆ ಕೇಳಿ ರೆಪ್ಪೆ ನೋಡಿ, ಮೂತಿ ನೋಡಿ, ಆಮೇಲೆ ಬೇಕಾದರೆ ಫೋಟೊ ಹೊಡೆಯಿರಿ. ಕೆಂಪು ಮೂತಿಯ ದನ ಹಾಲಿನಷ್ಟು ಬೆಳ್ಳಗಿದ್ದರೂ ನನ್ನ ಮುಂದೆ ಅದನ್ನು ಒಳ್ಳೆಯ ದೇವಣಿ ಅನ್ನಬೇಡಿ.