ಒದ್ದೆ ಬಟ್ಟೆಯಲ್ಲಿ ಕೂರುವ ಕಾರು

ಬಾಗಿಲಿಲ್ಲ, ಗಟ್ಟಿ ಚಾವಣಿಯಿಲ್ಲ. ತಲೆಯ ಮೇಲೆ ಅಂಚಿಗೆ ಕುಚ್ಚು ಬಿಟ್ಟ ಬಟ್ಟೆ, ಕೂರೋಕೆ ಬೆತ್ತ ಹೆಣೆದ ಸೀಟು. ಫಿಯೆಟ್ 500 ಜಾಲಿ ಅಂದ್ರೆ ಇಷ್ಟೇ. ಚೆನ್ನಾಗಿ ರಿಸ್ಟೋರ್ ಮಾಡಿದ ಇಂಥ ಕಾರುಗಳು ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದ್ದುಂಟು. ಇಟಲಿಯಲ್ಲಿ 'ಜಾಲಿ' ಅಂದ್ರೆ ಇಸ್ಪೀಟಿನ ಜೋಕರ್. ಬೆಲೆ ಕೇಳಿದರೆ ಇಲ್ಲಿ ಜೋಕರ್ ಯಾರು ಅನ್ನೋ ಅನುಮಾನ ಬರುತ್ತೆ. ಆದ್ರೆ ನಕ್ಕು ಸುಮ್ಮನಾಗುವಂಥ ವಸ್ತು ಇದಲ್ಲ.

ಇದರ ಮೂಲ ಬಡವರ ಕಾರು. ಸ್ಕೂಟರ್ ಮೇಲೆ ಸಂಸಾರ ಸಾಗಿಸುತ್ತಿದ್ದ ಇಟಲಿಗೆ ನಾಲ್ಕು ಚಕ್ರ ಕೊಡಬೇಕು ಅಂತ ದಾಂತೆ ಜಕೋಸಾ ವಿನ್ಯಾಸ ಮಾಡಿದ ಫಿಯೆಟ್ 500 ರಸ್ತೆಗೆ ಬಂದಿದ್ದು 1957ರಲ್ಲಿ. ಹಿಂಬದಿಗೆ 479 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಗಾಳಿಯಿಂದಲೇ ತಂಪಾಗುತ್ತೆ, ರೇಡಿಯೇಟರ್ ಖರ್ಚಿಲ್ಲ. ಚಾವಣಿ ಮಡಚುವ ಬಟ್ಟೆಯದ್ದು, ಅಷ್ಟು ಉಕ್ಕು ಉಳೀತು. ಮರುವರ್ಷವೇ ಟ್ಯೂರಿನ್‌ನ ಗಿಯಾ ಕಂಪನಿ ಅದೇ ಕಾರಿನ ಮೇಲ್ಭಾಗ ಕತ್ತರಿಸಿ, ಬಾಗಿಲು ಕಿತ್ತು, ಬೆತ್ತದ ಸೀಟು ಕೂರಿಸಿ, ಸುಮಾರು ದುಪ್ಪಟ್ಟು ಬೆಲೆಗೆ ಮಾರಿತು. ಕೊಂಡವರು ಒನಾಸಿಸ್‌ನಂಥ ಹಡಗಿನ ದೊರೆಗಳು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಟೆಕ್ಸಾಸ್ ಫಾರಂನಲ್ಲೂ ಒಂದಿತ್ತು. ಜಕೋಸಾ ಕಡಿಮೆ ಮಾಡಿದ್ದು ದುಡ್ಡಿಲ್ಲದವರಿಗೋಸ್ಕರ, ಗಿಯಾ ಕಡಿಮೆ ಮಾಡಿದ್ದು ದುಡ್ಡು ಜಾಸ್ತಿ ಇದ್ದವರಿಗೋಸ್ಕರ.

ಹಾಗಂತ ಜಾಲಿಯನ್ನು ಶ್ರೀಮಂತರ ಶೋಕಿ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾರಣ ಆ ಬೆತ್ತ. ಸಮುದ್ರದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂತರೂ ನೀರು ಕೆಳಗಿಳಿಯುತ್ತೆ, ಗಾಳಿಯಾಡುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ರೆಕ್ಸಿನ್ ಸೀಟು ತೊಡೆ ಸುಡೋದು ನಮಗೆಲ್ಲ ಗೊತ್ತೇ ಇದೆ. ಬೆತ್ತ ಹಾಗೆ ಸುಡಲ್ಲ. ಬಾಗಿಲಿಲ್ಲದ ಕಾರಣ ಹತ್ತಿ ಇಳಿಯೋದೂ ಸಲೀಸು. ನೋಡೋಕೆ ಅಲಂಕಾರ ಅನ್ನಿಸಿದ್ದು ನಿಜಕ್ಕೂ ಕೆಲಸಕ್ಕೆ ಬರುತ್ತೆ. ಒಳ್ಳೆ ಡಿಸೈನ್ ಅಂದ್ರೆ ಅದೇ ತಾನೇ?

ನನ್ನ ತಕರಾರು ಇರೋದು ರಿಸ್ಟೋರ್ ಮಾಡುವ ರೀತಿಯ ಬಗ್ಗೆ. ಸಂಗ್ರಾಹಕರ ಕೈಗೆ ಬಂದ ಜಾಲಿಗೆ ಕನ್ನಡಿಯಂಥ ಪೇಂಟ್, ಫಳಫಳ ಹೊಳೆಯುವ ಕ್ರೋಮ್, ಒಂದೆಳೆಯೂ ಮಾಸದ ಹೊಸ ಬೆತ್ತ. ಆಮೇಲೆ ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಕೂರುವ ಧೈರ್ಯ ಯಾರಿಗಿದೆ? ಅವರ ಭಯವೂ ಸುಳ್ಳಲ್ಲ, ತೆಳು ತಗಡಿಗೆ ಉಪ್ಪುಗಾಳಿ ಶತ್ರು. ಕಡಲಿಗೆ ಒಯ್ದರೆ ತುಕ್ಕು, ಒಯ್ಯದಿದ್ದರೆ ಅದು ಚಕ್ರವಿರುವ ಷೋಕೇಸ್ ಗೊಂಬೆ. ಇದಕ್ಕಿಂತ ಬೇಸರದ ಇನ್ನೊಂದು ಸಂಗತಿಯಿದೆ. ಜಾಲಿಗೆ ಬೆಲೆ ಬಂತು ಅಂತ ಗಟ್ಟಿಮುಟ್ಟಾದ ಸಾಮಾನ್ಯ 500ಗಳ ತಲೆ ಕತ್ತರಿಸಿ ನಕಲಿ ಜಾಲಿ ತಯಾರಿಸುತ್ತಾರೆ. ಇಂಥ ಕಾರಿನಲ್ಲಿ ಚಾವಣಿಯೂ ಬಾಡಿಯ ಬಲದ ಒಂದು ಭಾಗ. ಅದನ್ನು ಕತ್ತರಿಸಿ, ಬಲ ತುಂಬೋದನ್ನು ಮರೆತು, ಬರೀ ಕುಚ್ಚು ಕಟ್ಟಿದರೆ ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ. ಯಾವುದೋ ಸಂಸಾರವನ್ನು ಹೊತ್ತು ತಿರುಗಿದ ಕಾರು, ಶ್ರೀಮಂತನ ಕಾರಿನ ವೇಷ ಹಾಕೋಕೆ ಹೋಗಿ ಇಲ್ಲವಾಗುತ್ತೆ.

ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದಲ್ಲಿ ಇದರ ಅಣ್ಣ ಫಿಯೆಟ್ 600 ಜಾಲಿ ಟ್ಯಾಕ್ಸಿಯಾಗಿ ದುಡಿದಿತ್ತು. ಪ್ರವಾಸಿಗಳು ಹತ್ತಿ, ಇಳಿದು, ಬೆತ್ತ ಸವೆಸಿದರು. ನನ್ನನ್ನು ಕೇಳಿದರೆ, ಅಂಥ ಸವೆತ ಉಳಿಸಿಕೊಂಡ ಕಾರಿಗೇ ಹೆಚ್ಚು ಅಂಕ. ನಮ್ಮೂರ ಕಡೆ ಬೆತ್ತದ ಕುರ್ಚಿ ಕಿತ್ತುಹೋದರೆ ಕಿತ್ತಷ್ಟು ಜಾಗವನ್ನೇ ಹೊಸದಾಗಿ ಹೆಣೀತಾರೆ. ಹಳೇ ಬೆತ್ತ ಕಂದು, ಹೊಸದು ಬಿಳಿಚು, ಎರಡೂ ಒಂದೇ ಸೀಟಿನಲ್ಲಿ ಎದ್ದು ಕಾಣುತ್ತೆ. ಅದನ್ನು ಯಾರೂ ರಿಸ್ಟೋರೇಷನ್ ಅಂತ ಕರೆಯಲ್ಲ. ರಿಪೇರಿ ಆದ ದಿನವೇ ಯಾರಾದರೂ ಅದರ ಮೇಲೆ ಕೂತಿರುತ್ತಾರೆ.

ಜಾಲಿಯ ರಿಪೇರಿಗೂ ಅಷ್ಟು ಸಾಕು. ತುಕ್ಕು ತೆಗೀರಿ, ಬ್ರೇಕ್ ಸರಿಮಾಡಿ, ಹರಿದ ಕಡೆ ಹೆಣೀರಿ. ಆಮೇಲೆ ಸಮುದ್ರದ ಕಡೆ ಓಡಿಸಿ, ವಾಪಸ್ ಬಂದು ಒಳ್ಳೆ ನೀರಲ್ಲಿ ಉಪ್ಪು ತೊಳೀರಿ. ಬೆಲೆ ಸ್ವಲ್ಪ ಇಳಿಯಬಹುದು. ಆದ್ರೆ ಕಾರು ಕಾರಾಗಿಯೇ ಇರುತ್ತೆ.